ಮಿತಿಯೊಳಗಿನ ಹಳದಿ

ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತದೆ.
ಮೂಲೆಯ ಗಾಜಿನ ಬೀರುವಿನಲ್ಲಿ ಒಂದು ಕಂದು ಬಾಟಲಿ:
ಅಳತೆಗೆಂದು ಸಾಕಿಕೊಂಡ ಪಾಷಾಣ.
ವಿಷ ಎಷ್ಟಿದೆಯೆಂದು ಹೇಳಬೇಕಾದರೆ
ಸುಳ್ಳಾಡದ ಒಂದು ಹನಿ ವಿಷ ನಮ್ಮಲ್ಲೇ ಇರಬೇಕು.

ದುರ್ಗದ ಈ ಫಾರ್ಮಸಿ ಕಾಲೇಜಿನಲ್ಲಿ ಹನ್ನೊಂದು ವರ್ಷ.
ಕಿಟಕಿ ತೆಗೆದರೆ ಬಂಡೆ, ಬಂಡೆಯ ಹೆಗಲಿಗೆ ಬಂಡೆ.
ಪಾಷಾಣವೆಂದರೆ ಕಲ್ಲೂ ಹೌದು.
ನಿಘಂಟು ತೆಗೆದು ತೋರಿಸಿದರೆ ಹುಡುಗರು ನಗುತ್ತಾರೆ:
"ಹಂಗಾದ್ರೆ ನಮ್ಮೂರೇ ಫೇಲು, ಮೇಡಂ."

ಇವತ್ತು ಮುಬೀನಾಳ ಸರದಿ.
ಅಗಲ ಬಾಯಿಯ ಎರಡು ಸೀಸೆ, ಅವಳಿಗಳ ಹಾಗೆ.
ಒಂದರಲ್ಲಿ ಭೇದಿಯ ಪೊಟ್ಟಣಕ್ಕೆ ಸೇರಬೇಕಾದ ಉಪ್ಪು,
ಇನ್ನೊಂದರಲ್ಲಿ ನನ್ನ ಬೀರುವಿನಿಂದ ಒಂದೇ ಮಿಲಿ.
ಆಮ್ಲ, ಅಯೊಡೈಡು, ಕೊನೆಗೆ ಸತುವಿನ ಹರಳು.
ಸತುವನ್ನೂ ಮೊದಲೇ ಪರೀಕ್ಷಿಸಿಟ್ಟಿದ್ದೇವೆ;
ಸಾಕ್ಷಿಯ ಕೈ ತೊಳೆದಿರಬೇಕಲ್ಲ.
ಗುಳ್ಳೆ ಏಳುತ್ತವೆ,
ಸೀಸದ ನೀರಲ್ಲಿ ಅದ್ದಿ ಒಣಗಿಸಿದ ಹತ್ತಿಯನ್ನು ತೂರಿ
ಕೊಳವೆಯ ತುದಿಯ ಕಾಗದಕ್ಕೆ
ಚಾಡಿ ಹೇಳಲು ಹೊರಡುತ್ತವೆ.

ನಲವತ್ತು ನಿಮಿಷ.
ಗಾದ್ರಪ್ಪ ಬಿಸಿನೀರಿನ ತೊಟ್ಟಿಗೆ ಬೆರಳದ್ದಿ
"ಕೂಸಿಗೆ ಎರೆಯೋವಷ್ಟು ಐತೆ" ಅನ್ನುತ್ತಾನೆ.
ಥರ್ಮಾಮೀಟರು ಒಪ್ಪುತ್ತದೆ.
ಹೋದ ತಿಂಗಳು ಅವನ ಮೊಮ್ಮಗಳು
ಮೂರು ದಿನ ಕಣ್ಣು ಮೇಲೆ ಮಾಡಿ ಮಲಗಿದ್ದವಳು
ಇಂಥದೇ ಪೊಟ್ಟಣ ಕುಡಿದು ಎದ್ದು ಕೂತಳಂತೆ.
ಅವನು ಇದನ್ನು ಹೇಳಿದ್ದು ನನಗಲ್ಲ, ಸೀಸೆಗೆ.

ಬಿಚ್ಚಿದೆವು. ಕಿಟಕಿಯ ಬೆಳಕಿಗೆ ಎರಡೂ ಕಾಗದ.
ಅಳತೆಯದು, ಮದುವೆಯ ಮಾರನೇ ದಿನ
ಕೆನ್ನೆಯಲ್ಲಿ ಉಳಿದ ಅರಿಶಿನ.
ಉಪ್ಪಿನದು?
ಕಣ್ಣು ಕಿರಿದು ಮಾಡಿದರೆ ಇದೆ,
ದೊಡ್ಡದು ಮಾಡಿದರೆ ಇಲ್ಲ.

"ಪಾಸ್" ಎಂದಳು ಮುಬೀನಾ.
"ಹಂಗಾದ್ರೆ ಇಲ್ಲ ಅನ್ರಿ" ಎಂದ ಗಾದ್ರಪ್ಪ.
"ಇಲ್ಲ ಅಂತಲ್ಲ. ಮಿತಿಯೊಳಗೆ ಇದೆ."
ಅವನು ಆ ಮಾತನ್ನು ಬಾಯೊಳಗೆ ತಿರುಗಿಸಿದ,
ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ.
ಉಗುಳಲಿಲ್ಲ. ನುಂಗಿದನೋ, ತಿಳಿಯದು.
ಕೊಳವೆಗಳನ್ನು ಎತ್ತಿಕೊಂಡು ತೊಳೆಯಲು ಹೋದ,
ಎಂದಿಗಿಂತ ಒಂದು ನೀರು ಹೆಚ್ಚಾಗಿಯೇ ತೊಳೆದ.

ಈ ಹಳದಿ ಬೆಳಕಿನಲ್ಲಿ ನಿಲ್ಲುವುದಿಲ್ಲ.
ಮುಬೀನಾ ತಂಗಿಯ ಕ್ರೇಯಾನು ತಂದಿದ್ದಳು,
ರೆಕಾರ್ಡಿನಲ್ಲಿ ಎರಡು ವೃತ್ತ ಎಳೆದು ಬಣ್ಣ ತುಂಬುವಷ್ಟರಲ್ಲಿ
ಅಸಲಿದು ಅರ್ಧ ಹೋಗಿತ್ತು.
"ಎರಡನೆಯದು ಇನ್ನೂ ತೆಳು" ಎಂದೆ.
ರಬ್ಬರು ಹುಡುಕಿ ಉಜ್ಜಿದಳು.
ಕ್ರೇಯಾನು ಹಾಗೆಲ್ಲ ಹೋಗುವುದಿಲ್ಲ,
ಪುಟದ ತುಂಬ ಹರಡಿತು.