ಬಾಯಿ

ಹಗಲು ಹೊಲಿಗೆ ಮಷೀನು, ಸಂಜೆ ಕಾಲುಹಾರ್ಮೋನಿಯಂ,
ನಾನು ತುಳಿದೇ ಬದುಕಿದವನು.
ಅಪೊಲಿನ್ ಬಾಯಿಗೆ ನನ್ನ ಕಾಲು ಗೊತ್ತು
ಕಂಪನಿ ನಾಟಕದ ದಿನಗಳಿಂದ.
"ಚಂದೋಜಿ, ಇವು ಬೇರೆ ಥರದ ಹಾಡು," ಅಂದರು,
"ನನ್ನ ಬೆನ್ನು ಹತ್ತಿ ಬರಬೇಡ.
ರಸ್ತೆಯ ಆ ಕಡೆ ನಡೀತಿರು,
ಸಾಲ ಇಸಕೊಂಡವನ ಹಾಗೆ."

ಅವರಪ್ಪನಿಗೆ ಭದ್ರಾವತಿಯಲ್ಲಿ ಕುಲುಮೆಯ ಕೆಲಸ.
ಜರ್ಮನ್ ಎಂಜಿನಿಯರೊಬ್ಬ ಊರು ಬಿಡುವಾಗ
ಸೈಕಲ್ಲು ಮೇಸ್ತ್ರಿಗೆ, ನಾಯಿ ಡಾಕ್ಟರಿಗೆ,
ಒಂಬತ್ತು ಗ್ರಾಮಾಫೋನ್ ತಟ್ಟೆ ಇವರಪ್ಪನಿಗೆ.
ಎರಡು ಸೀಳಿದ್ದವು. ಸೀಳು ಬಂದಲ್ಲಿ ಮುಳ್ಳು ಎಗರುತ್ತಿತ್ತು.
ಬಾಯಿ ಇವತ್ತಿಗೂ ಅಲ್ಲಿ ಎಗರುತ್ತಾರೆ,
ಹಾಡೇ ಹಾಗಿದೆ ಎಂದು ನಂಬಿ.

ತೀರಿಹೋದ ಗಂಡ ಇಗರ್ಜಿಯಲ್ಲಿ ಮದುವೆಗೆ ಹಾಕಿದ್ದ ಕಪ್ಪು ಕೋಟು,
ಭುಜ ಬಿಚ್ಚಿ ಕಿರಿದು ಮಾಡಿ ಕೊಟ್ಟೆ.
ಜೇಬಿನಲ್ಲಿ ನುಸಿಗುಳಿಗೆ ಮೂರು.
"ಇರಲಿ ಬಿಡು," ಅಂದರು, ಸೀರೆಯ ಮೇಲೆ ತೊಟ್ಟರು.

ದುರ್ಗಿಗುಡಿಯಲ್ಲಿ ಪ್ರೆಸ್ಸಿನ ಮೇಲಿನ ಮಹಡಿ.
ಕಾರ್ಯದರ್ಶಿ ವೃಷಭೇಂದ್ರಯ್ಯ ವಾರದ ಮುಂಚೆಯೇ ಬಂದು
"ಅರ್ಥ ಬರೆದು ಕೊಟ್ಟುಬಿಡಿ ತಾಯಿ, ಆಮೇಲೆ ರಗಳೆ ಬೇಡ,
ಕಾಲ ನಿಮಗೆ ಗೊತ್ತಲ್ಲ," ಎಂದಿದ್ದರು.
ಬಾಯಿ ದುಂಡಗೆ ಬರೆದುಕೊಟ್ಟರು:
ಒಂದು, ಪ್ರೇಮ. ಎರಡು, ಪ್ರೇಮ. ಮೂರು, ಪ್ರೇಮ.
ನಾಲ್ಕು, ಊಟ. ಐದು, ಪ್ರೇಮ.

ಮೂವತ್ತೊಂದು ಜನ. ಎಪ್ಪತ್ತೆಂಟರ ಬಾಯಿ
ಮೊದಲಿಗೆ ಹಾಡಲೇ ಇಲ್ಲ. ಮಾತಾಡಿದರು, ಸ್ವರದ ಅಂಚಿನ ಮೇಲೆ,
ಕೆರೆ ಏರಿಯ ಮೇಲೆ ಸೈಕಲ್ ಬಿಡುವವರ ಹಾಗೆ;
ಬಿದ್ದರು ಅನ್ನುವಷ್ಟರಲ್ಲಿ ಒಂದು ನಿಷಾದ,
ಮತ್ತೆ ಮಾತು.
ಒಂದು ನುಡಿ ಜರ್ಮನ್, ಒಂದು ನುಡಿ ಕನ್ನಡ.
ಬಾಡಿಗೆ ಕೋಣೆಯಲ್ಲಿ ಇರುವ ಒಂದೇ ಜೊತೆ ಕಾಲುಚೀಲ
ಸರದಿಯಲ್ಲಿ ತೊಡುವ ಅಕ್ಕತಂಗಿ.
ಗೋಣಿಯ ತುಂಬ ಸಂಬಳ ಹೊತ್ತು ರೊಟ್ಟಿಗೆ ಹೋದವನಿಗೆ
ಅಂಗಡಿಯವ ಗೋಣಿ ಇಟ್ಟುಕೊಂಡು ನೋಟು ವಾಪಸು ಕೊಟ್ಟದ್ದು.
ಕಾಗದದ ಕಾರ್ಖಾನೆ ಮುಚ್ಚಿ ಮನೆ ಸೇರಿದ ಸಿದ್ಲಿಂಗಪ್ಪ
ಒಬ್ಬನೇ ನಕ್ಕ, ಹೊಟ್ಟೆ ಹಿಡಿದು.
ನಗು ಮುಗಿಯದೆ ಹೊರಗೆ ಹೋಗಿ ಬೀಡಿ ಹಚ್ಚಿದ.
ಬಾಯಿ ಅವನು ಬರುವ ತನಕ ಕಾದರು.
ನಾನು ಷಡ್ಜ ಹಿಡಿದು ತುಳಿಯುತ್ತಿದ್ದೆ.

ಕೊನೆಯದು ನಗಿಸುವವನ ಹಾಡು.
ದಿನಾ ರಾತ್ರಿ ಕುರ್ಚಿ ಜೋಡಿಸುತ್ತಾನೆ, ದಿನಾ ಒಂದು ಕಡಿಮೆ.
ಹಿಂದಿನ ಸಾಲಿಗೆ ಬೂಟುಗಾಲಿನವರು ಬಂದು ಕೂರುತ್ತಾರೆ,
ನಗುವುದಿಲ್ಲ, ಟಿಕೀಟೂ ಕೊಳ್ಳುವುದಿಲ್ಲ.
ಒಂದು ರಾತ್ರಿ ಅವನು ದೀಪ ತನ್ನತ್ತ ತಿರುಗಿಸಿಕೊಂಡು
ಅವರಿಗೇ ಹೇಳುತ್ತಾನೆ

ಅಲ್ಲಿ ನಿಂತರು ಬಾಯಿ. ಬಾಯಿ ತೆರೆದೇ ಇತ್ತು,
ಹದಿನೇಳು ಹಲ್ಲು, ಒಂದಕ್ಕೆ ಬೆಳ್ಳಿ.
ಕಣ್ಣು ಹಿಂದಿನ ಸಾಲಿನ ಮೇಲೆ.
ಕೆಳಗೆ ಪ್ರೆಸ್ಸಿನಲ್ಲಿ ಯಾರದೋ ಲಗ್ನಪತ್ರಿಕೆ ಅಚ್ಚಾಗುತ್ತಿತ್ತು,
ಖಟಖಟ ಮಹಡಿಯ ಹಲಗೆಗೆ ತಾಗುತ್ತಿತ್ತು.
ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಏಳಲಿಲ್ಲ.
ಕಾರ್ಯದರ್ಶಿ ಕನ್ನಡಕ ಏರಿಸಿ ಕಾಗದ ಬಿಡಿಸಿದರು,
ಐದನೆಯದು ಹುಡುಕಿದರು: ಪ್ರೇಮ.

ಆಟೋದಲ್ಲಿ ಕೇಳಿದೆ, ಏನದು ಆ ಮಾತು?
"ಯಾರಿಗೆ ಗೊತ್ತು ಮಾರಾಯ. ತಟ್ಟೆಯಲ್ಲಿ ಅಲ್ಲಿ ಗೀರು.
ಅರವತ್ತು ವರ್ಷದಿಂದ ಕೇಳ್ತಿದ್ದೀನಿ, ಬರೀ ಕರಕರ."
ಮತ್ತೆ ಹಿಂದಿನ ಸಾಲನ್ನೇ ಯಾಕೆ ನೋಡಿದಿರಿ?
"ನೋಡಿದೆನಾ?"

ಹೊಳೆ ಸೇತುವೆ ದಾಟಿ ಇಳಿಯುವಾಗ
ಗೌರವಧನದ ಲಕೋಟೆ ಹರಿದು ಒಂದು ನೋಟು ಕೊಟ್ಟರು.
ಡ್ರೈವರು ದೀಪಕ್ಕೆ ಹಿಡಿದು ನೋಡಿ,
ಅಂಟು ಹಾಕಿದ್ದು ಅಮ್ಮ, ನಡೆಯಲ್ಲ, ಅಂದ.
ಬಾಯಿ ನಗತೊಡಗಿದರು, ಕೋಟಿನಿಂದ ನುಸಿಗುಳಿಗೆ ಉರುಳುವಷ್ಟು,
ಈಗ ಅಚ್ಚುಕಟ್ಟಾಗಿ ಶ್ರುತಿಯಲ್ಲಿ.
ನನ್ನ ಕಾಲು ತಾನೇ
ಆಟೋದ ತಗಡು ತುಳಿಯುತ್ತಿತ್ತು.