ಕಿವಿಯ ಕಚ್ಚು

ಫಾರೋ ದ್ವೀಪದ ಕ್ಲಾಕ್ಸ್‌ವೀಕ್ ಬಂದರಿನಲ್ಲಿ
ಮೋಡವನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ.
ಕದ ತೆರೆದರೆ ಅಲ್ಲೇ ನಿಂತಿರುತ್ತದೆ,
ಸೊಂಟದೆತ್ತರಕ್ಕೆ, ಸಾಲ ಕೇಳಲು ಬಂದವರ ಹಾಗೆ.

ಇನ್ನೊಂದು ಮೋಡವಿದೆ. ಅದನ್ನು ಕಂಡವರಿಲ್ಲ.
ಪಿಂಚಣಿ ಅದರಲ್ಲಿ, ಔಷಧದ ಚೀಟಿ ಅದರಲ್ಲಿ,
ದೋಣಿಯ ಟಿಕೆಟ್ಟು, ಗಂಡ ಕಳಿಸಿದ ದನಿಯ ತುಣುಕು ಅದರಲ್ಲಿ.
ಬಾಗಿಲಲ್ಲಿ ಅದು ಕೇಳುವುದು ಒಂದೇ ಮಾತು:
ನೀನು ನೀನೇನಾ?

ಸುನ್ವಾಳ ಹೆಬ್ಬೆಟ್ಟಿನಲ್ಲಿ ಗೆರೆಯಿಲ್ಲ.
ನಲವತ್ತು ವರ್ಷ ಮೀನು ಸೀಳಿ, ಉಪ್ಪು ತಿಕ್ಕಿ
ಬೆರಳ ತುದಿಗಳು ಅಲೆ ಉಜ್ಜಿದ ಕಲ್ಲಿನಷ್ಟು ನುಣುಪು.
ಬೆರಳು ಬೇಡ ಬಿಡು ಎಂದಿತು ಮೋಡ, ದೊಡ್ಡ ಮನಸ್ಸು ಮಾಡಿ.
ಆರಂಕಿಯ ಗುಟ್ಟೂ ಬೇಡ.
ಫೋನು ಹುಡುಕಿ, ಕನ್ನಡಕ ಹುಡುಕಿ,
ಐದನೆಯ ಅಂಕಿ ಒತ್ತುವಷ್ಟರಲ್ಲಿ
ಅವಧಿ ಮೀರುತ್ತಿದ್ದ ಆ ಕಾಲ ಹೋಯಿತು.
ಇನ್ನು ಸುಮ್ಮನೆ ಬದುಕು, ಅಷ್ಟೆ.
ನಿನ್ನ ನಡಿಗೆಯೇ ನಿನ್ನ ಬೀಗದ ಕೈ.

ಹದಿನಾಲ್ಕು ವರ್ಷ
ಸುನ್ವಾ ನಡೆದಳು, ಬಾಗಿಲುಗಳು ತೆರೆದವು.

ಇಸವಿ ಐವತ್ತೊಂದು. ಹಾನುಸ್ ಸತ್ತ ಮರುವಾರ
ಅವಳು ಯಾರದೋ ಕಾಲಲ್ಲಿ ನಡೆದಳು.
ಬಿರಬಿರನೆ ನಾಲ್ಕು ಹೆಜ್ಜೆ, ಗಕ್ಕನೆ ನಿಲ್ಲುವುದು,
ಅಂಗಡಿಯ ತನಕ ಹೋಗಿ ಏಕೆ ಬಂದೆನೆಂದು ಮರೆಯುವುದು.
ಮೋಡ ನೋಡಿತು. ಲೆಕ್ಕ ಹಾಕಿತು.
ಇವಳು ಸುನ್ವಾ ಅಲ್ಲ.
ಪಿಂಚಣಿ ನಿಂತಿತು. ರಕ್ತದೊತ್ತಡದ ಮಾತ್ರೆ ನಿಂತಿತು.
ಹಾನುಸನ ದನಿ, ಉಳಿದಿದ್ದ ಮೂವತ್ತೆಂಟು ಸೆಕೆಂಡು,
ಒಳಗಿನಿಂದ ಅಗಳಿ ಹಾಕಿಕೊಂಡಿತು.

ಸಹಾಯವಾಣಿಯ ದನಿಗೆ ವಯಸ್ಸೇ ಇರಲಿಲ್ಲ.
"ನಿಮ್ಮ ನಡಿಗೆ ನಿಮ್ಮದರಂತಿಲ್ಲ" ಎಂದಿತು ಮೆಲ್ಲಗೆ.
"ಗೊತ್ತು" ಎಂದಳು ಸುನ್ವಾ.

ನಿಯಮಗಳ ಬುಡದಲ್ಲಿ, ಸಣ್ಣಕ್ಷರದಲ್ಲಿ ಕೊನೆಯ ದಾರಿ:
ನಿಮ್ಮನ್ನು ಬಲ್ಲ ಇಬ್ಬರು ಬಂದು ಹೇಳಲಿ.
ಒಬ್ಬಳು ತಂಗಿ. ಇನ್ನೊಬ್ಬರು ನಂಟರಾಗಿರಬಾರದು,
ಇಪ್ಪತ್ತು ವರ್ಷ ಕಂಡಿರಬೇಕು,
ಬದುಕಿರಬೇಕು.
ಬೇಲಿಯಾಚೆಯ ತ್ರೌಂದುರ್ ಒಬ್ಬನೇ ಉಳಿದ.

ಹನ್ನೊಂದು ವರ್ಷದಿಂದ ಮಾತಿಲ್ಲ ಅವನಿಗೂ ಇವಳಿಗೂ,
ಒಂದು ಟಗರಿನ ಕಿವಿಯ ಕಚ್ಚಿಗಾಗಿ.
ತುದಿ ಸೀಳಿದೆ, ಹಿಂದೊಂದು ಗೀರಿದೆ, ನಮ್ಮ ಗುರುತು, ಎಂದಿದ್ದಳು.
ಗೀರಿದ್ದು ನೀನೇ, ನಿನ್ನೆ ಸಂಜೆ, ಎಂದಿದ್ದ.
ಟಗರು ಸತ್ತು, ಗಾಳಿಗೆ ಒಣಗಿ, ಕ್ರಿಸ್‌ಮಸ್ಸಿನ ತಟ್ಟೆಗೂ ಬಂದುಹೋಯಿತು.
ಜಗಳಕ್ಕೆ ಮಾತ್ರ ಹಲ್ಲು ಬೀಳಲಿಲ್ಲ.

ತಂಗಿಯೇ ಹೋಗಿ ಕರೆದಳು. ಬಂದ. ಬೂಟು ಬಿಚ್ಚಲಿಲ್ಲ.
ಇವರು ಸುನ್ವಾ ಅವರೇ? ನೂರಕ್ಕೆ ಎಷ್ಟು ಖಚಿತ?

ತ್ರೌಂದುರ್ ಅವಳನ್ನು ನೋಡಿದ,
ದೊಡ್ಡಿಯಲ್ಲಿ ಕುರಿ ನೋಡುವಷ್ಟು ಹೊತ್ತು.

"ಇವಳೇ.
ಆ ಗದ್ದ ನೋಡಿ. ತಪ್ಪು ತನ್ನದಿದ್ದಾಗ ಹಾಗೆ ಎತ್ತುತ್ತಾಳೆ.
ಈಗ ತಪ್ಪಿಲ್ಲ. ಅಳು ತಡೆಯುತ್ತಿದ್ದಾಳೆ.
ನಡಿಗೆ ಕೇಳುತ್ತೀರಾ?
ಹಾನುಸ್ ಎಡಗಾಲು ಎಳೆಯುತ್ತಿದ್ದ.
ಅವನಿಗೆ ಸರಿಯಾಗಲಿ ಅಂತ ಇವಳು ನಿಧಾನ ನಡೆದಳು.
ನೀವು ಬರೆದಿಟ್ಟುಕೊಂಡದ್ದು ಇಬ್ಬರ ನಡಿಗೆ.
ಇವಳದ್ದು ಇದು. ಮದುವೆಗೆ ಮುಂಚೆ ಹೀಗೇ ಓಡುತ್ತಿದ್ದಳು."

ಪರದೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು,
ಆಮೇಲೆ ಬಾಗಿಲು ತೆರೆಯಿತು.

ಹೊಸ್ತಿಲಲ್ಲಿ ಅವನು ನಿಂತ, ಬೆನ್ನು ಇತ್ತಲೇ ಇಟ್ಟು.
"ಟಗರು ಮಾತ್ರ ನನ್ನದು."

"ಅಲ್ಲ" ಎಂದಳು ಸುನ್ವಾ.
ಹನ್ನೊಂದು ವರ್ಷದ ಮೇಲೆ
ಅವನಿಗಾಡಿದ ಮೊದಲ ಮಾತು.