ಒಮ್ಮೊಮ್ಮೆ

ಜಮಖಂಡಿ ದವಾಖಾನಿ, ಒಂಬತ್ತನೇ ನಂಬರ್ ಖೋಲಿ.
ಬಾಯಾರ, ನೀವೊಂದು ಕಾಗದ ಕೊಟ್ಟಿರಿ, ದಾರಾ ಕಟ್ಟಿದ ಪೆನ್ನು.
"ಇತರರ ನೋವು ಕಂಡಾಗ ನಿಮಗೂ ನೋವಾಗುತ್ತದೆಯೇ?"
ಯಾವಾಗಲೂ. ಒಮ್ಮೊಮ್ಮೆ. ಎಂದೂ ಇಲ್ಲ.
ಒಂದಕ್ಕ ಗುರುತು ಹಾಕ್ರಿ ಅಂದಿರಿ.
ಹಿಡಕೊಂಡು ಕುಂತೇನಿ.

ನಾನು ಬನಹಟ್ಟಿಯಾಂವ ರೀ.
ಆರು ಪವರ್‌ಲೂಮು ನಡಿಯೂ ಮನಿಯಾಗ
ಯಾರೂ ಕಿವಿಯಿಂದ ಮಾತು ಕಲಿಯೂದಿಲ್ಲ,
ಮಾರಿ ನೋಡಿ ಕಲಿತೀವಿ.
ತುಟಿ ಹಿಂಗಾದರ ಊಟ, ಹುಬ್ಬು ಏರಿದರ ಎಳಿ ಹರದೈತಿ,
ಅಪ್ಪನ ದವಡಿ ಬಿಗಿ ಆತಂದರ
ಕಂಡಿಕಿ ಬುಟ್ಟಿ ಅಲ್ಲೇ ಒಗದು ಓಡಬೇಕು.
ಆರನೇ ವರ್ಷಕ್ಕ ನಾ ಅದರಾಗ ಪಾಸಾಗಿದ್ದೆ.

ಕರೆಂಟ್ ಹೋದರ
ಊರಿಗೆ ಊರ ಚಾ ಕುಡಿಯಾಕ ಹೊರಬೀಳತಿತ್ತು.
ನಮ್ಮನ್ಯಾಗ ಅಪ್ಪನ ಕೈ ಖಾಲಿ ಆಗತಿತ್ತು.
ಮತ್ತ ಬಂದರ ಮಗ್ಗದ ಸಪ್ಪಳ
ನನ್ನ ಅಳೂ ಸಪ್ಪಳದ ಮ್ಯಾಲೆ ಬೀಳತಿತ್ತು, ಕೌದಿ ಹೊಚ್ಚಿದಂಗ.
ಆಮ್ಯಾಲೆ ಅವನ ಬಂದು ಅರಿಶಿಣ ಹಚ್ಚತಿದ್ದ,
ಅದ ಕೈ,
ಭಾಳ ಮೆತ್ತಗ.
ಅದನ್ನ ಯಾವ ಪ್ರಶ್ನೆದಾಗ ಬರೀಲಿ?

ದಾನಮ್ಮ ಅಳೂಕಿಂತ ಒಂದು ತಾಸು ಮದಲ
ಅಳತಾಳಂತ ನನಗ ಗೊತ್ತಾಗತೈತಿ.
ಯಾವ ಮಾತು ಒಗದರ ಎಲ್ಲಿ ನೆಡತೈತಿ, ಅದೂ ಗೊತ್ತು.
ಒಗದೇನಿ. ಲೆಕ್ಕ ಇಟ್ಟಿಲ್ಲ.
ಒಮ್ಮೆ ಅಂದಳು, ರೊಟ್ಟಿ ಬಡಿಯೂದು ಬಿಟ್ಟು:
"ನನ್ನ ಮನಸಿನ ಎಲ್ಲಾ ಖೋಲಿ ಕೀಲಿ ನಿಮ್ಮ ಹಂತ್ಯಾಕ ಅದಾವ.
ಒಂದ ದಿನಾ ಒಳಗ ಬಂದು ಕುಂತಿಲ್ಲ."

ಹೋದ ಅಮಾಸಿ ದಿನ ಭೂಮಿಕಾ
ಟ್ರಂಕಿನ ಮುಚ್ಚಳದಾಗ ಬೆರಳು ಸಿಗಿಸಿಕೊಂಡಳು.
ನಾ ಮೂರ ಹೆಜ್ಜಿ ದೂರ.
ಎಷ್ಟು ನೋವಾತಂತ ಗಜಾ ಹಿಡದು ಅಳದು ಹೇಳತಿದ್ದೆ,
ಒಳಗ ಮಾತ್ರ ಏನೂ ಕದಲಲಿಲ್ಲ.
ಅವರವ್ವ ಕೈಯಾಗಿನ ಹಿಟ್ಟಿನ ಸಮೇತ ಓಡಿ ಬಂದಳು.
ನನ್ನ ಬಾಯಿಂದ ಬಂದದ್ದು:
"ಸುಮ್ಮನಾಗ. ಸತ್ತೀಯೇನ?"
ಅಪ್ಪನ ದನಿ. ಎಷ್ಟ ಸುಣ್ಣಾ ಬಡದರೂ
ಗ್ವಾಡಿ ಒಳಗಿನ ಹಳೇ ಬಣ್ಣ ಮ್ಯಾಲೆ ಬಂದಂಗ.

ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ
ಅದ ಟ್ರಂಕಿನಾಗ ನನ್ನ ಬೆರಳಿಟ್ಟು ಮುಚ್ಚಿದೆ.
ನೋವು ಬಂತು.
ನಂದು. ಅಕಿದಲ್ಲ.
ಇನ್ನೊಮ್ಮೆ ಮುಚ್ಚಿದೆ.

ಮುಂಜಾನೆ ನನ್ನ ಕರ್ರಗಾದ ಉಗುರು ನೋಡಿ
ಪಟ್ಟಿ ಕಟ್ಟಿದ ಕೈಯಾಗ ನನ್ನ ಕೈ ಹಿಡದು
ಉಫ್ ಅಂತ ಊದಿದಳು. ಎರಡ ಸಲ.
ಶಾಲಿ ಗಾಡಿ ಬಂತು, ಹೋದಳು.
ಅಕಿಗೆ ಯಾರು ಕಲಿಸಿದರು? ನಾ ಅಲ್ಲ.
ಆ ಉಸಿರು ಎಲ್ಲಿಡಬೇಕಂತ ತಿಳೀದ
ಬಸ್ಸಿನ ತುಂಬ ಮುಷ್ಟಿ ಮುಚ್ಚಿಕೊಂಡ ಬಂದೇನಿ ಬಾಯಾರ,
ಕಂಡಕ್ಟರ್‌ಗೆ ಎಡಗೈಲೆ ರೊಕ್ಕಾ ಕೊಟ್ಟು.

ಇಲ್ಲಿ ಈಗ ಫ್ಯಾನು ನಿಂತಿತು.
ನಲವತ್ತೊಂದು ವರ್ಷದ ಹೆಗಲು
ತಾವ ಕಿವಿ ತನಾ ಏರಿದವು.
ನೀವು ನೋಡಿದಿರಿ, ಕೇಳಲಿಲ್ಲ.
ಕಿಟಕಿ ತೆಗದಿರಿ. ನಿಮ್ಮ ಚಾದಾಗ ಅರ್ಧಾ
ಬಸಿಗೆ ಸುರುವಿ ನನ್ನ ಕಡೆ ಸರಿಸಿದಿರಿ.
ನಿಮ್ಮ ಮಾರಿ ಓದಿದೆ.
ಓದಿದ್ದು ಖರೆನೋ ಸುಳ್ಳೋ, ಇದ ಮೊದಲನೇ ಸಲ,
ತಿಳೀಲಿಲ್ಲ.

ಈ ಪೆನ್ನಿನ ದಾರಾ ಗಿಡ್ಡ ಐತಿ ರೀ,
ಕಾಗದದ ಆ ತುದಿಗೆ ಮುಟ್ಟವಲ್ದು.
ಇನ್ನೊಂಚೂರು ಬಿಡ್ರಿ.